ಬಾಗಿದ ತುಂಡು ಹೊಲಿಯುವುದು ಹೇಗೆ? ಕೌದಿ ಹೊಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕೈದು ಜನ ಕೂತು ಹೊಲಿಯುತ್ತೇವೆ. ಎಲ್ಲರೂ ಕನ್ನಡದವರೇ. ಗದಗ, ಕುಮಟಾ, ಉಡುಪಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರು. ಪುಣೆಯಿಂದ, ಗೋವಾದ ವಾಸ್ಕೊದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಚೌಕ, ತ್ರಿಕೋನ ಹೊಲಿಯುವಾಗ ಯಾರಿಗೂ ಭಯವಿಲ್ಲ. ಗುಂಡಗಿನ ತುಂಡು ಕೈಗೆ ಬಂದ ಕೂಡಲೇ ಪ್ರಶ್ನೆಗಳು ಶುರು. ಹೆಚ್ಚಾಗಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊರಗೆ ಬಾಗಿದ ತುಂಡನ್ನು ಇಲ್ಲಿ ಉಬ್ಬು ತುಂಡು ಅನ್ನುತ್ತೇನೆ. ನಾಲ್ಕು ಮಡಿಕೆ ಮಾಡಿದ ಹೋಳಿಗೆಯ ಹಾಗೆ ಇರುತ್ತದೆ. ಒಳಗೆ ಬಾಗಿದ್ದನ್ನು ತಗ್ಗು ತುಂಡು ಅನ್ನುತ್ತೇನೆ. ಚೌಕದ ಒಂದು ಮೂಲೆಯನ್ನು ಯಾರೋ ಕಚ್ಚಿ ತಿಂದ ಹಾಗೆ ಇರುತ್ತದೆ. ಇವೆರಡನ್ನು ಸೇರಿಸಿದರೆ ಒಂದು ಚೌಕ. ಇಂಗ್ಲಿಷಿನಲ್ಲಿ ಇದಕ್ಕೆ ಡ್ರಂಕರ್ಡ್ಸ್ ಪಾತ್ ಎಂಬ ಹೆಸರು, ಅಂದರೆ ಕುಡುಕನ ಹಾದಿ. ಇಂಥ ಚೌಕಗಳನ್ನು ಅತ್ತಿತ್ತ ತಿರುಗಿಸಿ ಜೋಡಿಸಿದರೆ ಹಾದಿ ಓಲಾಡುತ್ತಾ ಹೋಗುತ್ತದೆ.

## ಶುರು ಮಾಡುವವರು ಕೇಳುವುದು

ಅಕ್ಕಾರ, ಈ ಗುಂಡ ಹೊಲಿಗಿ ನಮ್ಮಂಥಾವ್ರಿಗೆ ಆಗ್ತೈತೇನ್ರಿ?

ಆಗುತ್ತದೆ. ರವಿಕೆಗೆ ತೋಳು ಕೂಡಿಸಿದ್ದೀರಿ ಅಲ್ವಾ? ಅದು ಇದಕ್ಕಿಂತ ಕಷ್ಟದ್ದು. ಅಲ್ಲಿಯೂ ಒಂದು ಉಬ್ಬು, ಒಂದು ತಗ್ಗು. ಎರಡನ್ನೂ ಎದುರುಬದುರು ಇಟ್ಟು ಸುಕ್ಕು ಬಾರದ ಹಾಗೆ ಸೇರಿಸುತ್ತೀರಿ. ರವಿಕೆ ಹೊಲಿದು ಗೊತ್ತಿರುವವರು ಎರಡನೆಯ ಚೌಕಕ್ಕೇ ಹಿಡಿತ ಕಂಡುಕೊಳ್ಳುವುದನ್ನು ನಾನು ನೋಡಿದ್ದೇನೆ. ಹೊಸಬರಿಗೆ ಆರೇಳು ಚೌಕ ಬೇಕಾಗಬಹುದು. ಮೊದಲಿನವು ಹಳೆ ಬೆಡ್‌ಶೀಟಿನಲ್ಲಿ ಆಗಲಿ, ಒಳ್ಳೆ ಬಟ್ಟೆಗೆ ಕತ್ತರಿ ಹಾಕಬೇಡಿ.

ಎರಡೂ ತುಂಡು ಸರಿಯಾಗೇ ಕತ್ತರಿಸಿದ್ದೇನೆ. ಆದರೂ ಒಂದು ಉದ್ದ, ಒಂದು ಗಿಡ್ಡ. ಎಲ್ಲಿ ತಪ್ಪಿದೆ?

ಎಲ್ಲೂ ತಪ್ಪಿಲ್ಲ. ಅದು ಹಾಗೇ ಇರಬೇಕು. ಇದೊಂದು ತಲೆಗೆ ಹತ್ತಿದರೆ ಬಾಗಿದ ಹೊಲಿಗೆಯ ಮುಕ್ಕಾಲು ಭಯ ಹೋಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಲಿಗೆ ಬೀಳುವ ಗೆರೆ ಎರಡೂ ತುಂಡಿನಲ್ಲಿ ಒಂದೇ ಉದ್ದ. ಆದರೆ ನಾವು ಕತ್ತರಿಸುವುದು ಆ ಗೆರೆಯ ಮೇಲಲ್ಲ, ಕಾಲು ಇಂಚು ಮಾರ್ಜಿನ್ ಬಿಟ್ಟು. ಉಬ್ಬು ತುಂಡಿನಲ್ಲಿ ಮಾರ್ಜಿನ್ ಹೊರಗೆ ಹೋಗುತ್ತದೆ. ಅಲ್ಲಿ ವೃತ್ತ ದೊಡ್ಡದಾಗುತ್ತದೆ, ಅಂಚು ಉದ್ದವಾಗುತ್ತದೆ. ತಗ್ಗು ತುಂಡಿನಲ್ಲಿ ಮಾರ್ಜಿನ್ ಒಳಗೆ ಬರುತ್ತದೆ. ಅಲ್ಲಿ ವೃತ್ತ ಚಿಕ್ಕದು, ಅಂಚು ಗಿಡ್ಡ.

ಲೆಕ್ಕ ಹಾಕಿ ನೋಡೋಣ. ಹೊಲಿಗೆ ಗೆರೆಯ ತ್ರಿಜ್ಯ 4 ಇಂಚು ಅಂತ ಇಟ್ಟುಕೊಳ್ಳಿ. ಕಾಲು ವೃತ್ತಕ್ಕೆ ಹೊಲಿಗೆ ಗೆರೆ ಸುಮಾರು 6.28 ಇಂಚು. ಉಬ್ಬಿನ ಅಂಚು ಸುಮಾರು 6.68, ತಗ್ಗಿನ ಅಂಚು ಸುಮಾರು 5.89. ವ್ಯತ್ಯಾಸ ಸುಮಾರು 0.79, ಅಂದರೆ ಮುಕ್ಕಾಲು ಇಂಚಿಗೆ ಸ್ವಲ್ಪ ಜಾಸ್ತಿ. ಈಗ ತ್ರಿಜ್ಯ 2 ಇಂಚು ಮಾಡಿ, ಇಲ್ಲ 10 ಇಂಚು ಮಾಡಿ. ವ್ಯತ್ಯಾಸ ಅಷ್ಟೇ ಬರುತ್ತದೆ. ಕಾಲು ವೃತ್ತ, ಕಾಲು ಇಂಚು ಮಾರ್ಜಿನ್ ಅಂದರೆ ಯಾವಾಗಲೂ ಅದೇ ಮುಕ್ಕಾಲು ಇಂಚು ಚಿಲ್ಲರೆ.

10 ಇಂಚಿನ ತ್ರಿಜ್ಯದಲ್ಲಿ ಆ ಮುಕ್ಕಾಲು ಇಂಚು ಹದಿನೈದು ಇಂಚಿಗೂ ಉದ್ದದ ಹೊಲಿಗೆಯಲ್ಲಿ ಹಂಚಿಹೋಗುತ್ತದೆ, ಕಣ್ಣಿಗೇ ಕಾಣುವುದಿಲ್ಲ. 2 ಇಂಚಿನಲ್ಲಿ ಮೂರು ಇಂಚು ಚಿಲ್ಲರೆಯೊಳಗೆ ಅಷ್ಟೂ ಅಡಗಬೇಕು. ಚಿಕ್ಕ ಗುಂಡು ಕಷ್ಟ ಅನ್ನುವುದಕ್ಕೆ ಕಾರಣ ಇಷ್ಟೇ. ನಿಮ್ಮ ಕೈಯ ದೋಷ ಅಲ್ಲ.

ಮೊದಲ ಸಲಕ್ಕೆ ಯಾವ ಅಳತೆ ಒಳ್ಳೇದು?

ಮುಗಿದ ಮೇಲೆ 6 ಇಂಚು ಬರುವ ಚೌಕ, ಅದರಲ್ಲಿ 4 ಇಂಚು ತ್ರಿಜ್ಯ. 8 ಇಂಚಿನ ಚೌಕದಲ್ಲಿ 6 ಇಂಚು ತ್ರಿಜ್ಯವಾದರೆ ಇನ್ನೂ ಸುಲಭ. 3 ಇಂಚಿನ ಚೌಕಗಳ ಚೆಂದ ನೋಡಿ ಅಲ್ಲಿಂದ ಶುರು ಮಾಡಬೇಡಿ.

ಅಚ್ಚು ಕೊಂಡುಕೊಳ್ಳಬೇಕಾ? ತುಂಬ ರೇಟು ಹೇಳ್ತಾರೆ.

ಬೇಡ. ಮನೆಯಲ್ಲೇ ಮಾಡಿ. ಹಳೆಯ ಎಕ್ಸ್‌ರೇ ಹಾಳೆ ಇದಕ್ಕೆ ಬಹಳ ಒಳ್ಳೆಯದು. ಸವೆಯುವುದಿಲ್ಲ, ಆಚೆ ಬದಿ ಕಾಣುತ್ತದೆ, ಕತ್ತರಿಗೆ ಸಿಗುತ್ತದೆ. ಇಲ್ಲದಿದ್ದರೆ ಮದುವೆ ಕರೆಯೋಲೆಯ ದಪ್ಪ ಕಾಗದ ಆದೀತು.

6 ಇಂಚಿನ ಚೌಕ, 4 ಇಂಚು ತ್ರಿಜ್ಯಕ್ಕೆ ಹೀಗೆ ಮಾಡಿ. ಆರೂವರೆ ಇಂಚಿನ ಚೌಕ ಗೀಚಿ. ಒಂದು ಮೂಲೆಯಿಂದ ಎರಡೂ ಕಡೆಗೆ ಕಾಲು ಇಂಚು ಒಳಗೆ ಒಂದು ಚುಕ್ಕೆ ಇಡಿ. ಕೈವಾರದ ಮುಳ್ಳು ಆ ಚುಕ್ಕೆಯ ಮೇಲೆ ಕೂರಬೇಕು, ಮೂಲೆಯ ಮೇಲಲ್ಲ. ತಗ್ಗು ತುಂಡಿಗೆ ಮೂರೂಮುಕ್ಕಾಲು ಇಂಚಿನ ಕಮಾನು ಎಳೆದು ಮೂಲೆಯ ಭಾಗ ಕತ್ತರಿಸಿ ತೆಗೆಯಿರಿ. ಉಬ್ಬು ತುಂಡಿಗೆ ಇನ್ನೊಂದು ಹಾಳೆಯಲ್ಲಿ ಅದೇ ರೀತಿ ಚುಕ್ಕೆ ಇಟ್ಟು ನಾಲ್ಕೂಕಾಲು ಇಂಚಿನ ಕಮಾನು ಎಳೆದು, ಮೂಲೆಯ ಭಾಗವನ್ನೇ ಇಟ್ಟುಕೊಳ್ಳಿ. ಕೈವಾರ ಸಾಲದಿದ್ದರೆ ಪೆನ್ಸಿಲಿಗೆ ದಾರ ಕಟ್ಟಿ ಎಳೆದರೂ ನಡೆಯುತ್ತದೆ. ದಾರ ಹಿಗ್ಗದ ಹಾಗೆ ನೋಡಿಕೊಳ್ಳಿ.

ಅಚ್ಚಿನ ಮೇಲೆ ಒಂದು ಬಾಣದ ಗುರುತು ಬರೆಯಿರಿ, ನೂಲಿನ ದಿಕ್ಕಿಗೆ. ಚೌಕದ ನೆಟ್ಟ ಅಂಚುಗಳು ನೂಲಿನ ಉದ್ದಕ್ಕೇ ಬರಬೇಕು. ಕ್ರಾಸಿನಲ್ಲಿ, ಅಂದರೆ ನೂಲಿಗೆ ಓರೆಯಾಗಿ ಬಂದರೆ ಚೌಕ ಎಳೆದಾಡಿ ವಕ್ರವಾಗುತ್ತದೆ.

ಮಂಗಲದಾಸ್ ಮಾರ್ಕೆಟಿಗೆ ಹೋದರೆ ಯಾವ ಬಟ್ಟೆ ಕೇಳಬೇಕು?

ಕೇಂಬ್ರಿಕ್ ಇಲ್ಲವೇ ಕಾಟನ್ ಪಾಪ್ಲಿನ್. ನೂರಕ್ಕೆ ನೂರು ಹತ್ತಿಯದು. ಬಾಗಿದ ಹೊಲಿಗೆಗೆ ಬಟ್ಟೆ ಸ್ವಲ್ಪ ಮಾತು ಕೇಳಬೇಕು, ಪಾಲಿಯೆಸ್ಟರ್ ಕೇಳುವುದಿಲ್ಲ. ಮಲ್‌ಮಲ್ ಮುದ್ದಾಗಿರುತ್ತದೆ, ಆದರೆ ಜಾರುತ್ತದೆ. ಮೊದಲ ಸಲಕ್ಕೆ ಬೇಡ. ತಂದ ಮೇಲೆ ಒಮ್ಮೆ ನೆನೆಸಿ ಒಣಗಿಸಿ. ಕೆಂಪು, ನೀಲಿ ಬಣ್ಣಗಳನ್ನು ಬೇರೆಯಾಗಿ ನೆನೆಸಿ.

## ಮಷೀನಿನ ಮುಂದೆ ಕೂತವರು ಕೇಳುವುದು

ಯಾವ ತುಂಡು ಮೇಲೆ, ಯಾವುದು ಕೆಳಗೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ನಾನು ತಗ್ಗು ತುಂಡನ್ನು ಮೇಲೆ ಇಡುತ್ತೇನೆ. ಮಷೀನಿನ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತದೆ. ಉದ್ದವಿರುವುದು ಉಬ್ಬಿನ ಅಂಚು, ಹಾಗಾಗಿ ಅದು ಕೆಳಗಿದ್ದರೆ ಹಲ್ಲು ನಮ್ಮ ಕೆಲಸ ಮಾಡಿಕೊಡುತ್ತದೆ. ಇನ್ನೊಂದು ಕಾರಣ, ಸುಕ್ಕು ಬೀಳುವ ಅಪಾಯ ಜಾಸ್ತಿ ತಗ್ಗು ತುಂಡಿನ ಹೊಟ್ಟೆಯಲ್ಲಿ. ಅದು ಕಣ್ಣೆದುರಿಗಿದ್ದರೆ ಬೆರಳಿನಿಂದ ಸರಿಸಬಹುದು. ಉಬ್ಬನ್ನು ಮೇಲಿಟ್ಟು ಚೆನ್ನಾಗಿ ಹೊಲಿಯುವವರೂ ಇದ್ದಾರೆ. ಕೈಗೆ ಆ ಅಭ್ಯಾಸ ಆಗಿದ್ದರೆ ಬದಲಿಸಬೇಡಿ.

ಹೊಲಿಯುವ ಕ್ರಮ ಒಂದೊಂದೇ ಹೇಳಿ, ನಾನು ಪಕ್ಕದಲ್ಲಿ ಕೂತಿದ್ದೇನೆ ಅಂದ್ಕೊಳ್ಳಿ.

ಸರಿ, ಕೂತುಕೊಳ್ಳಿ. ಎರಡೂ ತುಂಡನ್ನು ಬೇರೆ ಬೇರೆಯಾಗಿ ಅರ್ಧಕ್ಕೆ ಮಡಿಸಿ, ಬಾಗಿದ ಅಂಚಿನ ನಡುವೆ ಉಗುರಿನಿಂದ ಗೀರಿ. ಒಂದನ್ನು ಒಳಮುಖವಾಗಿ, ಇನ್ನೊಂದನ್ನು ಹೊರಮುಖವಾಗಿ ಮಡಿಸಿ. ಆಗ ಗೀರುಗಳು ಒಂದರೊಳಗೊಂದು ಕೂರುತ್ತವೆ.

ಉಬ್ಬು ತುಂಡನ್ನು ಮೇಜಿನ ಮೇಲೆ ಒಳ್ಳೆ ಬದಿ ಮೇಲಾಗಿ ಇಡಿ. ತಗ್ಗು ತುಂಡನ್ನು ಅದರ ಮೇಲೆ ತಲೆಕೆಳಗಾಗಿ ಇಡಿ, ಒಳ್ಳೆ ಬದಿಗಳು ಎದುರುಬದುರು ಇರಲಿ. ಈಗ ನೋಡಿದರೆ ಎರಡೂ ಒಂದಕ್ಕೊಂದು ಬೆನ್ನು ಮಾಡಿ ಬಾಗಿರುತ್ತವೆ. ಎಲ್ಲರೂ ಗಾಬರಿಯಾಗುವುದು ಇಲ್ಲೇ. ನಡುವಿನ ಗೀರಿಗೆ ಗೀರು ಕೂಡಿಸಿ ಒಂದು ಗುಂಡುಪಿನ್ ಹಾಕಿ, ಅಂಚಿಗೆ ಅಡ್ಡಲಾಗಿ. ಆಮೇಲೆ ತಗ್ಗು ತುಂಡಿನ ಒಂದು ತುದಿಯನ್ನು ತಿರುಗಿಸಿ ತಂದು ಉಬ್ಬಿನ ತುದಿಗೆ ಸೇರಿಸಿ. ನೆಟ್ಟ ಅಂಚುಗಳು ಒಂದರ ಮೇಲೊಂದು ಪೂರ್ತಿ ಕೂರಬೇಕು. ಇನ್ನೊಂದು ತುದಿಗೂ ಹೀಗೇ. ನಡುನಡುವೆ ಎರಡೆರಡು ಪಿನ್.

ಹೊಲಿಗೆಯ ಉದ್ದ 2 ಮಿಲಿಮೀಟರ್ ಆಸುಪಾಸು ಇಡಿ. ಹೊಲಿಗೆ ಗಿಡ್ಡವಾದಷ್ಟು ಬಾಗು ನುಣುಪು. ಮೊದಲ ನಾಲ್ಕು ಹೊಲಿಗೆ ಹಾಕಿ ನಿಲ್ಲಿ. ಸೂಜಿ ಬಟ್ಟೆಯೊಳಗೇ ಇರಲಿ. ಎಡಗೈ ತೋರುಬೆರಳಿನಿಂದ ಮೇಲಿನ ತುಂಡಿನ ಅಲೆಯನ್ನು ಸೂಜಿಯಿಂದ ದೂರಕ್ಕೆ, ಎಡಕ್ಕೆ ನೂಕಿ. ಬಲಗೈಯಿಂದ ಎರಡೂ ಅಂಚು ಸಮ ಮಾಡಿ. ಸೂಜಿಯ ಮುಂದಿನ ಒಂದು ಇಂಚು ಸಮವಿದ್ದರೆ ಸಾಕು, ಆಚೆಯದರ ಚಿಂತೆ ಈಗ ಬೇಡ. ಆ ಒಂದು ಇಂಚು ಹೊಲಿದು ಮತ್ತೆ ನಿಲ್ಲಿ. ಪಿನ್ ಸೂಜಿಯ ಹತ್ತಿರ ಬಂದಾಗ ತೆಗೆಯಿರಿ, ಮೇಲೆ ಹೊಲಿದರೆ ಸೂಜಿ ಮುರಿಯುತ್ತದೆ. ಬಟ್ಟೆಯನ್ನು ಎಳೆಯಬೇಡಿ. ಬಾಗಿನ ನಡುಭಾಗ ಕ್ರಾಸಿನಲ್ಲಿರುತ್ತದೆ, ಎಳೆದರೆ ಹಿಗ್ಗಿ ಹಾಗೇ ಉಳಿಯುತ್ತದೆ.

ಕೈಯಿಂದ ತಿರುಗಿಸುವ ಮಷೀನಿದ್ದರೆ ಒಂದೇ ಕೈ ಖಾಲಿ ಇರುತ್ತದೆ. ಆಗ ಅರ್ಧ ಇಂಚಿಗೊಮ್ಮೆ ನಿಲ್ಲಿ. ನಿಧಾನ ಆಗುವುದೇ ಇದಕ್ಕೆ ಒಳ್ಳೆಯದು.

ನನಗೆ ಪ್ರತಿ ಸಲ ಸುಕ್ಕು ಬರುವುದು ಯಾಕೆ ಮಾರಾಯ್ರೆ?

ಬಹುಶಃ ನೀವು ಸೂಜಿಯ ಮುಂದಿನ ಅಂಚನ್ನು ನೋಡುತ್ತಿದ್ದೀರಿ. ನೆಟ್ಟ ಹೊಲಿಗೆಯಲ್ಲಿ ಮುಂದೆ ನೋಡಿದರೆ ನಡೆಯುತ್ತದೆ, ಬಾಗಿನಲ್ಲಿ ನಡೆಯುವುದಿಲ್ಲ. ಸೂಜಿಯ ಪಕ್ಕದಲ್ಲೇ, ಕಾಲು ಇಂಚಿನ ಆ ಒಂದು ಬಿಂದುವನ್ನು ನೋಡಿ. ಮಷೀನಿಗೆ ಸ್ಕ್ರೂ ಹಾಕಿ ಕೂರಿಸುವ ಉದ್ದ ಗೈಡ್ ಇದ್ದರೆ ತೆಗೆದುಬಿಡಿ, ಅದು ನೆಟ್ಟ ಅಂಚಿಗೆ ಮಾತ್ರ.

ಆದರೂ ಸುಕ್ಕು ಬಿದ್ದರೆ ಪೂರ್ತಿ ಬಿಚ್ಚಬೇಡಿ. ಸುಕ್ಕಿನ ಎರಡೂ ಬದಿ ಅರ್ಧರ್ಧ ಇಂಚು ಬಿಚ್ಚಿ, ಸಮ ಮಾಡಿ ಅಷ್ಟಕ್ಕೇ ಮತ್ತೆ ಹೊಲಿಯಿರಿ. ಪೂರ್ತಿ ಬಿಚ್ಚಿ ಹೊಲಿದಷ್ಟೂ ಕ್ರಾಸಿನ ಅಂಚು ಸಡಿಲಾಗುತ್ತದೆ.

ಅಂಚಿಗೆ ಕಚ್ಚು ಹಾಕಲೇಬೇಕಾ?

ಕಚ್ಚು ಅಂದರೆ ಅಂಚಿಗೆ ಕತ್ತರಿಯಿಂದ ಹಾಕುವ ಸಣ್ಣ ಸೀಳು. ದೊಡ್ಡ ಬಾಗಿಗೆ ಬೇಡ, ಕ್ರಾಸ್ ಬಟ್ಟೆ ತಾನೇ ಹಿಗ್ಗಿಕೊಳ್ಳುತ್ತದೆ. 3 ಇಂಚಿಗಿಂತ ಚಿಕ್ಕ ತ್ರಿಜ್ಯಕ್ಕೆ, ಗಟ್ಟಿ ಬಟ್ಟೆಗೆ ಬೇಕಾಗುತ್ತದೆ. ಕಚ್ಚು ತಗ್ಗು ತುಂಡಿಗೆ ಮಾತ್ರ, ಅದರ ಅಂಚೇ ಗಿಡ್ಡ. ಆಳ ಮಾರ್ಜಿನ್ನಿನ ಅರ್ಧ ದಾಟಬಾರದು. ಮುಕ್ಕಾಲು ಇಂಚಿಗೊಂದು ಸಾಕು. ಹೊಲಿಗೆ ಗೆರೆವರೆಗೆ ಕಚ್ಚಿದರೆ ಒಗೆದಾಗ ಅಲ್ಲೇ ಹರಿಯುತ್ತದೆ.

ಪಿನ್ ಹಾಕಿ ಹಾಕಿ ಬೇಜಾರು. ಬೇರೆ ದಾರಿ ಇಲ್ವಾ?

ಇದೆ. ಮಕ್ಕಳು ಶಾಲೆಗೆ ಒಯ್ಯುವ, ನೀರಿಗೆ ಹೋಗುವ ಗ್ಲೂ ಸ್ಟಿಕ್ ತನ್ನಿ. ಉಬ್ಬಿನ ಮಾರ್ಜಿನ್ನಿನಲ್ಲಿ, ಅಂಚಿನ ಪಕ್ಕದಲ್ಲೇ ತೆಳ್ಳಗೆ ಹಚ್ಚಿ. ನಡು ಮೊದಲು, ತುದಿಗಳು ಆಮೇಲೆ, ಉಳಿದದ್ದು ಕೊನೆಗೆ ಒತ್ತಿ ಅಂಟಿಸಿ. ಇಸ್ತ್ರಿ ಒಮ್ಮೆ ಮುಟ್ಟಿಸಿದರೆ ಒಣಗುತ್ತದೆ. ಹೊಲಿಗೆ ಗೆರೆಯ ಮೇಲೆ ಅಂಟು ಬರಬಾರದು, ಸೂಜಿ ಜಿಗುಟಾಗುತ್ತದೆ. ಚಿಕ್ಕ ಗುಂಡಿಗೆ ನನಗೆ ಪಿನ್ನಿಗಿಂತ ಇದೇ ಇಷ್ಟ.

ಮಳೆಗಾಲದಲ್ಲಿ ಪಿನ್ ಹಾಕಿಟ್ಟ ತುಂಡುಗಳಲ್ಲಿ ಕಂದು ಚುಕ್ಕೆ ಬಿದ್ದಿದೆ. ಹೋಗುತ್ತಾ?

ತುಕ್ಕಿನ ಕಲೆ. ತಾಜಾ ಇದ್ದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣವೂ ಹೋಗಬಹುದು. ನನ್ನದೂ ಒಮ್ಮೆ ಹೀಗೇ ಆಗಿದೆ. ಜುಲೈ ತಿಂಗಳಲ್ಲಿ ಇಪ್ಪತ್ತು ಚೌಕಕ್ಕೆ ಪಿನ್ ಹಾಕಿ, ಊರಿಗೆ ಹೋಗಿ, ಎರಡು ವಾರದ ಮೇಲೆ ಬಂದು ನೋಡಿದರೆ ಬಿಳಿ ಕೇಂಬ್ರಿಕ್ ತುಂಬ ಚುಕ್ಕೆ. ತುಂಬ ದುಃಖವಾಯಿತು. ಅಂದಿನಿಂದ ಅಂದು ಹಾಕಿದ ಪಿನ್ ಅಂದೇ ತೆಗೆಯುತ್ತೇನೆ. ಬಿಟ್ಟುಹೋಗಲೇಬೇಕಾದರೆ ದಾರದಿಂದ ಕಚ್ಚಾ ಹೊಲಿಗೆ ಹಾಕಿ. ಮುಂಬಯಿ, ಗೋವಾದ ಹವೆಗೆ ಅದೇ ಸರಿ.

ಇಸ್ತ್ರಿ ಯಾವ ಕಡೆಗೆ ಮಡಿಸಿ ಮಾಡಬೇಕು?

ತಗ್ಗು ತುಂಡಿನ ಕಡೆಗೆ. ಹಾಗೆ ಮಡಿಸಿದರೆ ಉಬ್ಬಿನ ಮಾರ್ಜಿನ್ ತನ್ನ ಜಾಗದಲ್ಲೇ ಸಪಾಟಾಗಿ ಮಲಗುತ್ತದೆ. ತಗ್ಗಿನ ಮಾರ್ಜಿನ್ ಸ್ವಲ್ಪ ಅಗಲವಾಗಬೇಕು, ಕಚ್ಚು ಇದ್ದರೆ ತೆರೆದುಕೊಳ್ಳುತ್ತದೆ. ಉಬ್ಬಿನ ಕಡೆಗೆ ಮಡಿಸಿದರೆ ಅದರ ಉದ್ದದ ಅಂಚು ಚಿಕ್ಕ ಜಾಗಕ್ಕೆ ಬಂದು ಸಣ್ಣ ಸಣ್ಣ ನೆರಿಗೆಯಾಗುತ್ತದೆ. ಉಬ್ಬು ಎದ್ದು ಕಾಣಲಿ ಅಂತ ಬೇಕೆಂದೇ ಹಾಗೆ ಮಾಡುವವರಿದ್ದಾರೆ, ಮಾಡಿ, ಆದರೆ ಹಬೆ ಚೆನ್ನಾಗಿ ಕೊಡಿ. ಇಸ್ತ್ರಿಯನ್ನು ಎತ್ತಿ ಎತ್ತಿ ಇಡಿ, ಉಜ್ಜಬೇಡಿ. ಉಜ್ಜಿದರೆ ಚೌಕ ಅಂಡಾಕಾರ ಆಗುತ್ತದೆ.

ಹದಿನಾರು ಚೌಕ ಹೊಲಿದೆ, ಎರಡು ಒಂದೇ ಅಳತೆ ಇಲ್ಲ!

ಮುಂದಿನ ಸಲ ತಗ್ಗು ತುಂಡನ್ನು ಅರ್ಧ ಇಂಚು ದೊಡ್ಡದಾಗಿ, ಉಬ್ಬಿನ ನೆಟ್ಟ ಬದಿಗಳನ್ನೂ ಸ್ವಲ್ಪ ಹೆಚ್ಚಾಗಿ ಕತ್ತರಿಸಿ. ಹೊಲಿದು ಇಸ್ತ್ರಿ ಮಾಡಿದ ಮೇಲೆ ಎಲ್ಲವನ್ನೂ ಆರೂವರೆ ಇಂಚಿಗೆ ಸಮ ಮಾಡಿ. ಹಾಗೆ ಮಾಡುವಾಗ ಬಾಗಿನ ಎರಡೂ ತುದಿ ಮೂಲೆಯಿಂದ ಒಂದೇ ದೂರದಲ್ಲಿ ಇವೆಯೇ ಎಂದು ಅಳೆದು ನೋಡಿ. ಇಲ್ಲದಿದ್ದರೆ ಪಕ್ಕದ ಚೌಕದ ಬಾಗು ಇದಕ್ಕೆ ಕೂಡುವುದಿಲ್ಲ, ವೃತ್ತ ಮುರಿದ ಹಾಗೆ ಕಾಣುತ್ತದೆ.

## ಕೈ ಪಳಗಿದವರು ಕೇಳುವುದು

ನಮ್ಮ ಅಜ್ಜಿಯರ ಕೌದಿಯಲ್ಲಿ ಇಂಥ ಬಾಗಿದ ಹೊಲಿಗೆ ಇತ್ತಾ?

ನಮ್ಮ ಕಡೆಯ ಕೌದಿಯ ಕೆಲಸವೇ ಬೇರೆ. ಅಲ್ಲಿ ತುಂಡಿಗೆ ತುಂಡು ಅಂಚು ಕೂಡಿಸಿ ಹೊಲಿಯುವುದಿಲ್ಲ. ಹಳೆ ಸೀರೆ ಹಾಸಿ, ಅದರ ಮೇಲೆ ತುಂಡು ಇಟ್ಟು, ಅಂಚು ಒಳಮಡಿಸಿ, ಎಲ್ಲ ಪದರ ಸೇರಿಸಿ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಮಹಾರಾಷ್ಟ್ರದ ಗೋಧಡಿಯೂ ಹೆಚ್ಚುಕಡಿಮೆ ಹೀಗೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಒಳಕ್ಕೆ ತುಂಡು ಇಡುತ್ತಾ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಕೂರಿಸುತ್ತಾರೆ. ಅವರ ಹಿರಿಯರಲ್ಲಿ ಎಷ್ಟೋ ಜನ ಪೋರ್ಚುಗೀಸರ ಕಾಲದ ಗೋವಾದಿಂದ ಬಂದವರು.

ಈ ಮೇಲಿಟ್ಟು ಹೊಲಿಯುವ ರೀತಿಯಲ್ಲಿ ಗುಂಡು ಬಹಳ ಸುಲಭ. ಉಬ್ಬು ತುಂಡಿನ ಬಾಗಿದ ಅಂಚಿನಲ್ಲಿ ಗೆರೆಗೆ ಸ್ವಲ್ಪ ಹೊರಗೆ ದಾರ ಓಡಿಸಿ, ಗಟ್ಟಿ ಕಾಗದದ ಅಚ್ಚು ಒಳಗಿಟ್ಟು ದಾರ ಎಳೆಯಿರಿ. ಅಂಚು ತಾನೇ ಮಡಿಯುತ್ತದೆ. ಇಸ್ತ್ರಿ ಮಾಡಿ, ಅಚ್ಚು ತೆಗೆದು, ಪೂರ್ತಿ ಚೌಕದ ಮೇಲಿಟ್ಟು ಹೊಲಿಯಿರಿ. ಮುಕ್ಕಾಲು ಇಂಚಿನ ತಕರಾರೇ ಇಲ್ಲ. ಒಂದು ಪದರ ದಪ್ಪ ಜಾಸ್ತಿಯಾಗುತ್ತದೆ, ಅಷ್ಟೇ.

ಕೈಯಲ್ಲಿ ಹೊಲಿದರೆ ಗಟ್ಟಿ ಬರುತ್ತಾ? ಲೋಕಲ್‌ನಲ್ಲಿ ಕೂತು ಹೊಲಿಯಬಹುದಾ?

ಎರಡಕ್ಕೂ ಹೌದು. ನಿಜ ಹೇಳಬೇಕೆಂದರೆ ಬಾಗಿದ ತುಂಡಿಗೆ ಕೈಹೊಲಿಗೆಯೇ ಹೇಳಿ ಮಾಡಿಸಿದ್ದು. ಬಟ್ಟೆಯ ಹಿಂದೆ ಎರಡೂ ತುಂಡಿಗೆ ಪೆನ್ಸಿಲಿನಿಂದ ಹೊಲಿಗೆ ಗೆರೆ ಎಳೆಯಿರಿ. ಪಿನ್ ಮೇಲಿನ ಗೆರೆಯಲ್ಲಿ ಹೊಕ್ಕು ಕೆಳಗಿನ ಗೆರೆಯಲ್ಲೇ ಹೊರಬರಬೇಕು, ತಿರುಗಿಸಿ ನೋಡಿಕೊಳ್ಳಿ. ಸಣ್ಣ ಹೊಲಿಗೆ ಹಾಕುತ್ತಾ ಒಂದು ಇಂಚಿಗೊಮ್ಮೆ ಹಿಂದಕ್ಕೊಂದು ಹೊಲಿಗೆ ಹಾಕಿದರೆ ಬಿಚ್ಚುವುದಿಲ್ಲ. ಮಧ್ಯಾಹ್ನದ ಸ್ಲೋ ಗಾಡಿಯಲ್ಲಿ, ಲೇಡೀಸ್ ಡಬ್ಬಾದಲ್ಲಿ ಜಾಗ ಸಿಕ್ಕ ದಿನ ಸಿಎಸ್‌ಎಂಟಿಯಿಂದ ಡೊಂಬಿವಲಿ ಬರುವಷ್ಟರಲ್ಲಿ ನನಗೆ ಎರಡು ಚೌಕ ಆಗುತ್ತದೆ. ಪಿನ್ ಮಾತ್ರ ಎಣಿಸಿ ಒಯ್ಯಿರಿ, ಎಣಿಸಿ ವಾಪಸ್ ಇಡಿ. ಸೀಟಿನ ಮೇಲೆ ಒಂದೂ ಉಳಿಯಬಾರದು.

ಗುಳೇದಗುಡ್ಡದ ಖಣದಲ್ಲಿ ಮಾಡಬೇಕು ಅಂತ ಆಸೆ. ಎಳೆ ಬಿಟ್ಟುಹೋಗ್ತಿದೆ.

ಖಣ ಎಳೆ ಬಿಡುತ್ತದೆ, ಬಾಗಿದ ಅಂಚಿನಲ್ಲಿ ಇನ್ನೂ ಬೇಗ. ಕತ್ತರಿಸುವ ಮೊದಲೇ ಹಿಂದೆ ತೆಳ್ಳನೆಯ ಫ್ಯೂಸಿಂಗ್, ಅಂದರೆ ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ ಅಂಟಿಸಿ. ಮಾರ್ಜಿನ್ ಜಾಸ್ತಿ ಬಿಡೋಣ ಅನ್ನಿಸುತ್ತದೆ, ಆದರೆ ಲೆಕ್ಕ ನೆನಪಿರಲಿ. ಕಾಲು ಇಂಚಿನ ಬದಲು 3/8 ಇಂಚು ಬಿಟ್ಟರೆ ಅಂಚುಗಳ ವ್ಯತ್ಯಾಸ ಮುಕ್ಕಾಲು ಇಂಚು ಚಿಲ್ಲರೆಯಿಂದ ಸುಮಾರು 1.18 ಇಂಚಿಗೆ ಏರುತ್ತದೆ. ಹಾಗಾಗಿ ಖಣಕ್ಕೆ 5 ಇಂಚಿಗಿಂತ ದೊಡ್ಡ ತ್ರಿಜ್ಯವೇ ಇರಲಿ. ಖಣವನ್ನು ಉಬ್ಬಿಗೆ ಇಡಿ, ತಗ್ಗಿಗೆ ಸಾದಾ ಹತ್ತಿ ಬಟ್ಟೆ. ಹಿಗ್ಗಬೇಕಾದ್ದು ಹತ್ತಿಯಾಗಿದ್ದರೆ ಕೆಲಸ ಸಲೀಸು.

ಅಚ್ಚಿಲ್ಲದೆ ಹೊಳೆ ಹರಿದ ಹಾಗೆ ಬಾಗು ಮಾಡೋದು ಹೇಗೆ?

ಎರಡು ಬಟ್ಟೆ, ಎರಡರದ್ದೂ ಒಳ್ಳೆ ಬದಿ ಮೇಲೆ. ಒಂದರ ಅಂಚು ಇನ್ನೊಂದರ ಮೇಲೆ ಎರಡು ಮೂರು ಇಂಚು ಬರುವ ಹಾಗೆ ಹಾಸಿ. ಆ ಜಾಗದಲ್ಲಿ ರೋಟರಿ ಕಟರಿನಿಂದ (ಉರುಳುವ ಗುಂಡು ಬ್ಲೇಡಿನ ಸಲಕರಣೆ) ಒಂದೇ ಎಳೆತಕ್ಕೆ ಮೆಲ್ಲನೆ ಬಾಗಿಸಿ ಕತ್ತರಿಸಿ. 28 ಮಿಲಿಮೀಟರಿನ ಚಿಕ್ಕ ಬ್ಲೇಡು ಬಾಗಿಗೆ ಚೆನ್ನಾಗಿ ತಿರುಗುತ್ತದೆ. ಮೇಲೆ ಕೆಳಗೆ ಉಳಿದ ಸಣ್ಣ ತುಂಡು ತೆಗೆದುಹಾಕಿ. ಉಳಿದ ಎರಡು ಅಂಚು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಬೇರೆ ಮಾಡುವ ಮುಂಚೆ ಎರಡಕ್ಕೂ ಸೇರಿ ಮೂರು ಇಂಚಿಗೊಂದು ಅಡ್ಡ ಚಾಕ್ ಗುರುತು ಹಾಕಿ, ಹೊಲಿಯುವಾಗ ಗುರುತಿಗೆ ಗುರುತು ಕೂಡಿಸಿ.

ಮಾರ್ಜಿನ್ ಬಿಡದೆ ಒಂದೇ ಗೆರೆಯಲ್ಲಿ ಕತ್ತರಿಸಿದ್ದರಿಂದ ಬಾಗು ಸ್ವಲ್ಪ ಸೌಮ್ಯವಾಗುತ್ತದೆ, ತುದಿ ಏರುಪೇರಾಗುತ್ತದೆ. ಮೊದಲೇ ದೊಡ್ಡ ಬಟ್ಟೆ ತೆಗೆದುಕೊಂಡು ಕೊನೆಗೆ ಸಮ ಮಾಡಿ. ಕಡಿದಾದ ತಿರುವು ಇದರಲ್ಲಿ ಆಗುವುದಿಲ್ಲ.

ಬಟ್ಟೆಯ ನಡುವೆ ಪೂರ್ತಿ ಚಂದ್ರ ಕೂರಿಸಬೇಕು. ಎಲ್ಲಿಂದ ಶುರು ಮಾಡಲಿ?

ಚಂದ್ರನನ್ನೂ ತೂತನ್ನೂ ನಾಲ್ಕು ಮಡಿಸಿ, ಆಮೇಲೆ ಎಂಟು ಮಡಿಸಿ ಗೀರು ಹಾಕಿ. ಎಂಟು ಗೀರುಗಳಿಗೂ ಪಿನ್. ಪೂರ್ತಿ ವೃತ್ತದಲ್ಲಿ ಅಂಚುಗಳ ವ್ಯತ್ಯಾಸ ಮೂರು ಇಂಚಿಗೂ ಜಾಸ್ತಿ. ಅದನ್ನು ಎಂಟು ಪಾಲಿಗೆ ಸಮನಾಗಿ ಹಂಚದಿದ್ದರೆ ಎಲ್ಲ ಸುಕ್ಕೂ ಕೊನೆಯ ಎರಡು ಇಂಚಿಗೆ ಬಂದು ಕೂರುತ್ತದೆ. ತೂತಿನ ಬಟ್ಟೆ ಮೇಲೆ ಇರಲಿ. ಪೂರ್ತಿ ಕ್ರಾಸಿನ ಜಾಗದಿಂದ ಶುರು ಮಾಡಬೇಡಿ, ನೂಲಿನ ನೇರದ ಗೀರಿನಿಂದ ಶುರು ಮಾಡಿ, ಅಲ್ಲಿ ಬಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ.

ಡಬಲ್ ವೆಡ್ಡಿಂಗ್ ರಿಂಗ್ ಮಗಳ ಮದುವೆಗೆ ಮಾಡ್ತಿದ್ದೇನೆ. ಬಳೆಗಳು ಕೂಡುವ ಮೂಲೆ ಗಂಟಾಗ್ತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಾಗೆ ಕಾಣುವ ವಿನ್ಯಾಸ ಇದು. ನೀವು ಅಂಚಿನ ಕೊನೆವರೆಗೆ ಹೊಲಿಯುತ್ತಿದ್ದೀರಿ, ಅದಕ್ಕೇ ಗಂಟು. ಪ್ರತಿ ತುಂಡಿನ ಹಿಂದೆ, ಹೊಲಿಗೆ ಗೆರೆಗಳು ಕೂಡುವ ಬಿಂದುವಿಗೆ ಪೆನ್ಸಿಲ್ ಚುಕ್ಕೆ ಇಡಿ, ಅಂಚಿನಿಂದ ಕಾಲು ಇಂಚು ಒಳಗೆ. ಚುಕ್ಕೆಯಿಂದ ಚುಕ್ಕೆಗೆ ಹೊಲಿದು, ಎರಡು ಹೊಲಿಗೆ ಹಿಂದಕ್ಕೆ ಹಾಕಿ ನಿಲ್ಲಿಸಿ. ಮಾರ್ಜಿನ್ ಬಿಡಿಯಾಗಿದ್ದರೆ ಮೂಲೆಯಲ್ಲಿ ಅತ್ತಿತ್ತ ತಿರುಗಿಕೊಳ್ಳುತ್ತದೆ, ಗಂಟಾಗುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ಸಣ್ಣ ತುಂಡುಗಳ ಕಮಾನು ಹೊಲಿದು ಇಸ್ತ್ರಿ ಮಾಡಿ. ಒಂದು ಕಮಾನನ್ನು ನಡುವಿನ ಎಲೆಯಾಕಾರಕ್ಕೆ ಕೂಡಿಸಿ, ಇನ್ನೊಂದು ಕಮಾನಿನ ಎರಡೂ ತುದಿಗೆ ಮೂಲೆಯ ಚೌಕ ಸೇರಿಸಿ, ಆಮೇಲೆ ಅದನ್ನು ಎಲೆಯ ಆಚೆ ಬದಿಗೆ ಹೊಲಿಯಿರಿ. ನಾಲ್ಕೂ ಬದಿ ತಗ್ಗಾಗಿರುವ ದೊಡ್ಡ ನಡುತುಂಡಿಗೆ ಇವನ್ನು ಸೇರಿಸುವುದು ಕೊನೆಗೆ. ಆ ನಡುತುಂಡುಗಳನ್ನು ಹೊಲಿಯುವ ದಿನವೇ ಕತ್ತರಿಸಿ. ನಾಲ್ಕು ಕಡೆಯೂ ಕ್ರಾಸಿನ ಅಂಚು ಅದಕ್ಕೆ, ಕಪಾಟಿನಲ್ಲಿ ತಿಂಗಳುಗಟ್ಟಲೆ ನೇತುಹಾಕಿದರೆ ಆಕಾರವೇ ಉಳಿಯುವುದಿಲ್ಲ. ಈಗಾಗಲೇ ಕತ್ತರಿಸಿಟ್ಟಿದ್ದರೆ ಅಕ್ಕಿ ಗಂಜಿ ತೆಳ್ಳಗೆ ಹಾಕಿ, ಸಪಾಟಾಗಿ ಒಣಗಿಸಿ, ಕಾಗದದ ನಡುವೆ ಮಲಗಿಸಿಡಿ. ಮಳೆಗಾಲಕ್ಕೆ ಮುಂಚೆ ಹೊಲಿದು ಮುಗಿಸಿ, ಗಂಜಿ ಹಾಕಿದ್ದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ.